ಎಲೆಯ ಮೇಲಿನ ಉಪಕಾರಿ ಜೀವಾಣುಗಳು

ಕನ್ನಡ ಪಾಠ ಹೇಳುವವರಿಗೆ ಜೀವಾಣುಗಳ ಗೊಡವೆ ಏಕೆ ಎಂದು ಓದುಗರಿಗೆ ಅನಿಸಬಹುದು. ಅದಕ್ಕೆ ಕಾರಣ ನಮ್ಮ ಒಂಬತ್ತನೆಯ ತರಗತಿಯ ಒಬ್ಬ ಹುಡುಗ. ಒಂದು ದಿನ ಶಬ್ದಗಳನ್ನು ಸ್ವಂತ ವಾಕ್ಯದಲ್ಲಿ ಬಳಸುವ ಅಭ್ಯಾಸ ಕೊಟ್ಟಿದ್ದೆ. ಅದರಲ್ಲಿ 'ರೋಗಾಣು' ಎಂಬುದೂ ಒಂದು ಶಬ್ದ. "ಬ್ಯಾಕ್ಟೀರಿಯಾಗಳು ರೋಗಾಣುಗಳು, ಅವುಗಳನ್ನು ಕೊಲ್ಲಬೇಕು" ಎಂದು ಹೆಚ್ಚಿನವರು ಬರೆದಿದ್ದರು. ವ್ಯಾಕರಣ ತಪ್ಪಿಲ್ಲವೆಂದು ನಾನೂ ಕೆಂಪು ಮಸಿಯಲ್ಲಿ ಸರಿ ಗುರುತು ಹಾಕುತ್ತಾ ಬಂದೆ. ಆಗ ಹಿಂದಿನ ಸಾಲಿನ ಹುಡುಗ ಎದ್ದು ನಿಂತ.

"ಸರ್, ನಮ್ಮಪ್ಪ ಮೊನ್ನೆ ರಾಯಚೂರಿಗೆ ಹೋಗಿ ರೊಕ್ಕ ಕೊಟ್ಟು ಬ್ಯಾಕ್ಟೀರಿಯಾ ತಂದಾನ್ರಿ, ದಾಳಿಂಬ್ರಿ ಗಿಡಕ್ಕ ಹೊಡಿಯಾಕ. ಕೊಲ್ಲೂದಾದ್ರ ರೊಕ್ಕ ಕೊಟ್ಟು ತರೂದ್ಯಾಕ್ರಿ?"

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆನಾದರೂ ಉತ್ತರ ನನಗೆ ತಿಳಿದಿರಲಿಲ್ಲ. ನಾಳೆ ಹೇಳುತ್ತೇನೆ ಎಂದು ಹುಡುಗನನ್ನು ಕೂರಿಸಿದೆ. ಆ 'ನಾಳೆ' ಬರಲು ಹಲವು ತಿಂಗಳುಗಳೇ ಹಿಡಿದವು. ನಮ್ಮ ವಿಜ್ಞಾನ ಶಿಕ್ಷಕರನ್ನು ಕೇಳಿದೆ, ಪುಸ್ತಕಗಳನ್ನು ಓದಿದೆ, ಹುಡುಗನ ತಂದೆಯ ತೋಟಕ್ಕೂ ಹೋಗಿ ಬಂದೆ. ಹಾಗೆ ತಿಳಿದುಕೊಂಡದ್ದನ್ನು ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ಹೇಳುವುದು ಈ ಲೇಖನದ ಉದ್ದೇಶ.

ಡ್ರಮ್ಮಿನಲ್ಲಿ ಬೆರೆಸಿದ ಮೂರು ಪುಡಿಗಳು

ಒಂದು ಭಾನುವಾರ ಅವರ ತೋಟಕ್ಕೆ ಹೋದೆ. ಸುತ್ತಲೂ ಭತ್ತದ ಗದ್ದೆ, ನಡುವೆ ಎರಡು ಎಕರೆ ದಾಳಿಂಬೆ. ಕಾಯಿಗಳ ಮೇಲೆ ಕಂದು ಮಚ್ಚೆಗಳೆದ್ದು, ಕೆಲವು ಬಿರುಕು ಬಿಟ್ಟಿದ್ದವು. ಯಜಮಾನರು ಬೇವಿನ ನೆರಳಲ್ಲಿ ಕೂರಿಸಿ, ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ನಮ್ಮ ಕಡೆ ಬೆಳೆಗೆ ಔಷಧ ಸಿಂಪಡಿಸುವುದಕ್ಕೆ 'ಎಣ್ಣೆ ಹೊಡೆಯುವುದು' ಎನ್ನುತ್ತಾರಷ್ಟೆ. ಅವರು ಜೀವಾಣುವಿನ ಪುಡಿ, ತಾಮ್ರದ ಪುಡಿ, ರೋಗನಿರೋಧಕ ಔಷಧದ ಸಣ್ಣ ಪೊಟ್ಟಣ, ಈ ಮೂರನ್ನೂ ಒಂದೇ ಡ್ರಮ್ಮಿನಲ್ಲಿ ಕಲಸಿ ಮಧ್ಯಾಹ್ನ ಒಂದು ಗಂಟೆಗೆ ಹೊಡೆಸಿದ್ದರು.

"ಮೂರೂ ಒಮ್ಮೆ ಹೊಡದ್ರ ಒಂದ ಕೂಲಿ ನೋಡ್ರಿ ಸರ್. ಆದ್ರ ಬ್ಯಾಕ್ಟೀರಿಯಾ ಏನೂ ಕೆಲಸ ಮಾಡ್ಲಿಲ್ರಿ. ಸುಳ್ಳ ಮಾಲು ಕೊಟ್ಟಾರ" ಎಂದರು.

ಪುಡಿ ಸುಳ್ಳೋ ನಿಜವೋ ಹೇಳಲು ನಾನು ಯಾರು? ಆದರೆ ಆಮೇಲೆ ಓದುತ್ತಾ ಹೋದಂತೆ ಒಂದು ಸಂಗತಿ ಸ್ಪಷ್ಟವಾಯಿತು. ಆ ಪುಡಿ ಎಷ್ಟೇ ಒಳ್ಳೆಯದಿದ್ದರೂ ಅಂದು ಅದರಲ್ಲಿದ್ದ ಜೀವಾಣುಗಳು ಬದುಕುವಂತಿರಲಿಲ್ಲ. ಡ್ರಮ್ಮಿನಲ್ಲೇ ಬಹುಪಾಲು ಸತ್ತಿರಬೇಕು. ಅಲ್ಲಿ ಉಳಿದವನ್ನು ಮಧ್ಯಾಹ್ನದ ಬಿಸಿಲು ತೀರಿಸಿರಬೇಕು. ಸಾಲ ತಂದ ಹಣ ಹೋಯಿತು, ಕೂಲಿ ಹೋಯಿತು, ಬೆಳೆಯೂ ಹೋಯಿತು. ತಪ್ಪು ಅವರದೊಬ್ಬರದೇ ಅಲ್ಲ. ಪೊಟ್ಟಣದ ಮೇಲಿನ ಬರಹ ಇಂಗ್ಲಿಷಿನಲ್ಲಿತ್ತು, ಅಂಗಡಿಯವರು ಬಿಡಿಸಿ ಹೇಳಲಿಲ್ಲ. ಇವರಿಗೆ ಓದಲು ಬರುವುದು ಕನ್ನಡ, ಅಲ್ಪಸ್ವಲ್ಪ ತೆಲುಗು.

ಎಲ್ಲ ಜೀವಾಣುವೂ ರೋಗಾಣುವಲ್ಲ

ಮೊದಲು ಶಬ್ದಗಳನ್ನು ತಿಳಿಯೋಣ. ಬ್ಯಾಕ್ಟೀರಿಯಾ ಎಂದರೆ ಒಂದೇ ಜೀವಕೋಶದ ಅತಿ ಸಣ್ಣ ಜೀವಿ. ಸಾವಿರ ಜೀವಾಣುಗಳನ್ನು ಸಾಲಾಗಿ ನಿಲ್ಲಿಸಿದರೂ ಸಾಲಿನ ಉದ್ದ ಒಂದೆರಡು ಮಿಲಿಮೀಟರಿನಷ್ಟೇ. ಕೃಷಿ ಪುಸ್ತಕಗಳಲ್ಲಿ ಇದಕ್ಕೆ 'ದುಂಡಾಣು' ಎಂಬ ಹೆಸರೂ ಉಂಟು. ಆದರೆ ಎಲ್ಲವೂ ದುಂಡಗಿರುವುದಿಲ್ಲ. ದಾಳಿಂಬೆಗೆ ರೋಗ ತರುವ ಜೀವಾಣುವೇ ಸಣ್ಣ ಕೋಲಿನ ಆಕಾರದ್ದು. ಇವುಗಳಲ್ಲಿ ರೋಗ ತರುವವಕ್ಕೆ ಮಾತ್ರ 'ರೋಗಾಣು' ಎನ್ನಬೇಕು. ಕಳ್ಳರೆಲ್ಲ ಮನುಷ್ಯರೇ, ಆದರೆ ಮನುಷ್ಯರೆಲ್ಲ ಕಳ್ಳರಲ್ಲವಲ್ಲ! ರೋಗಾಣು ಮತ್ತು ಜೀವಾಣುವಿನ ನಂಟೂ ಹಾಗೆಯೇ.

ಉಪಕಾರಿ ಜೀವಾಣು ಎಲ್ಲಿದೆ ಎಂದು ದೂರ ಹುಡುಕಬೇಕಾಗಿಲ್ಲ, ಅಡುಗೆಮನೆಯಲ್ಲೇ ಇದೆ. ರಾತ್ರಿ ಅವ್ವ ಹಾಲಿಗೆ ಹೆಪ್ಪು ಹಾಕುವುದನ್ನು ನೀವು ನೋಡಿದ್ದೀರಿ. ಆ ಒಂದು ಚಮಚ ಮಜ್ಜಿಗೆಯಲ್ಲಿ ಲೆಕ್ಕವಿಲ್ಲದಷ್ಟು ಜೀವಾಣುಗಳಿರುತ್ತವೆ, ಹಾಲನ್ನು ಮೊಸರು ಮಾಡುವವು ಅವೇ. ಕುದಿಯುವ ಹಾಲಿಗೆ ಅವ್ವ ಹೆಪ್ಪು ಹಾಕುತ್ತಾಳೆಯೇ? ಇಲ್ಲ. ಹಾಲು ಉಗುರು ಬೆಚ್ಚಗಾಗುವವರೆಗೆ ಕಾಯುತ್ತಾಳೆ. ಹೆಪ್ಪು ಹಾಕಿ, ಮುಚ್ಚಿ, ಅಲುಗಾಡಿಸದೆ ಇಡುತ್ತಾಳೆ. ಜೀವಾಣುವಿನ ಹೆಸರು ಗೊತ್ತಿಲ್ಲದಿದ್ದರೂ ಅದು ಬದುಕುವ ರೀತಿ ಆಕೆಗೆ ಗೊತ್ತು. ತೋಟದಲ್ಲಿ ನಮಗೆ ಬೇಕಾದದ್ದೂ ಇದೇ ತಿಳಿವಳಿಕೆ. ನಾವು ಮಾಡುವ ತಪ್ಪೆಂದರೆ, ಕುದಿಯುವ ಹಾಲಿಗೆ ಹೆಪ್ಪು ಹಾಕಿ, ಮೊಸರಾಗಲಿಲ್ಲವೆಂದು ಹೆಪ್ಪನ್ನು ದೂರುವುದು.

ಎಲೆಯೂ ಒಂದು ಊರು

ಮರದ ಎಲೆ ನಮ್ಮ ಕಣ್ಣಿಗೆ ನುಣುಪಾಗಿ, ಖಾಲಿಯಾಗಿ ಕಾಣುತ್ತದೆ. ಆದರೆ ಒಂದು ಚದರ ಸೆಂಟಿಮೀಟರಿನಷ್ಟು ಎಲೆಯ ಮೇಲೆ, ಅಂದರೆ ಸುಮಾರು ಕಿರುಬೆರಳ ಉಗುರಿನಷ್ಟು ಜಾಗದಲ್ಲಿ, ಸಾಮಾನ್ಯವಾಗಿ 10 ಲಕ್ಷದಿಂದ 1 ಕೋಟಿ ಜೀವಾಣುಗಳು ಇರುತ್ತವೆಂದು ವಿಜ್ಞಾನಿಗಳು ಎಣಿಸಿದ್ದಾರೆ. ಬೇಸಿಗೆಯ ಒಣ ಹವೆಯಲ್ಲಿ ಈ ಸಂಖ್ಯೆ ಇಳಿಯುತ್ತದೆ, ಮಳೆ ಮಂಜಿನ ದಿನಗಳಲ್ಲಿ ಏರುತ್ತದೆ.

ಬೇರಿನ ಸುತ್ತ ಜೀವಾಣುಗಳಿರುವ ವಿಷಯ ಮೊದಲೇ ತಿಳಿದಿತ್ತು. 1950ರ ದಶಕದಲ್ಲಿ ಯಾಕೋಬಾ ರೂಯಿನೆನ್ ಎಂಬ ಡಚ್ ವಿಜ್ಞಾನಿ ಇಂಡೋನೇಷಿಯಾದ ಗಿಡಮರಗಳ ಎಲೆಗಳನ್ನು ಪರೀಕ್ಷಿಸಿ, ಗಾಳಿಯ ಸಾರಜನಕವನ್ನು ಹಿಡಿದಿಡಬಲ್ಲ ಜೀವಾಣುಗಳು ಎಲೆಯ ಮೇಲೂ ಇರುವುದನ್ನು ಕಂಡರು. 1956ರಲ್ಲಿ ಆಕೆ ಅದನ್ನು ಪ್ರಕಟಿಸಿದರು. ಜೀವಾಣುಗಳ ನೆಲೆಯಾದ ಈ ಎಲೆಯ ಮೇಲ್ಮೈಗೆ ವಿಜ್ಞಾನಿಗಳು 'ಫಿಲ್ಲೋಸ್ಫಿಯರ್' ಎನ್ನುತ್ತಾರೆ. ವಾಯುಮಂಡಲ ಎಂಬಂತೆ ನಾವು ಇದನ್ನು ಕನ್ನಡದಲ್ಲಿ 'ಪರ್ಣಮಂಡಲ' ಎನ್ನಬಹುದು. ಭೂಮಿಯ ಮೇಲಿನ ಎಲ್ಲ ಎಲೆಗಳನ್ನೂ ಹಾಸಿದರೆ ಅವು ನೆಲಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುತ್ತವೆಂದು ಅಂದಾಜು.

ಈ ಊರಿನಲ್ಲಿ ಬದುಕು ಸುಲಭವಲ್ಲ. ನಮ್ಮ ಕೃಷ್ಣಾ, ಮಕ್ತಲ್, ಗದ್ವಾಲ್ ಸೀಮೆಯ ಬೇಸಿಗೆಯನ್ನೇ ನೆನೆಯಿರಿ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ನೆರಳಿಲ್ಲದ ಎಲೆಯ ಮೇಲೆ ಆ ಬಿಸಿಲನ್ನು ಒಂದು ಜೀವಾಣು ಸಹಿಸಬೇಕು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಜೀವಕೋಶದ ಒಳಗಿನ ತಳಿದ್ರವ್ಯವನ್ನೇ ಕೆಡಿಸುತ್ತವೆ. ಬೆಳಗಿನ ಇಬ್ಬನಿ ಒಂದೆರಡು ಗಂಟೆಯಲ್ಲಿ ಆರಿಹೋಗುತ್ತದೆ. ಆಮೇಲೆ ನೀರಿಲ್ಲ. ಊಟವೂ ಕಡಿಮೆ. ಎಲೆಯ ಒಳಗಿನಿಂದ ಜಿನುಗುವ ಚೂರುಪಾರು ಸಕ್ಕರೆ, ಗಾಳಿಗೆ ಬಂದು ಬಿದ್ದ ಪರಾಗ, ಹೇನುಗಳು ಸುರಿಸಿದ ಸಿಹಿ ಅಂಟು, ಇಷ್ಟೇ ಅವುಗಳ ಆಹಾರ. ಜೋರು ಮಳೆ ಬಂದರೆ ಕೊಚ್ಚಿಹೋಗುವ ಭಯ ಬೇರೆ.

ಇಷ್ಟೆಲ್ಲ ಇದ್ದೂ ಅವು ಬದುಕುತ್ತವೆ. ಹೇಗೆ?

ಮೊದಲನೆಯದು, ಜಾಗದ ಆಯ್ಕೆ. ಎಲೆಯ ಮೇಲೆ ಅವು ಎಲ್ಲ ಕಡೆ ಸಮನಾಗಿ ಹರಡಿರುವುದಿಲ್ಲ. ನರಗಳ ಪಕ್ಕದ ತಗ್ಗು, ಸಣ್ಣ ಕೂದಲುಗಳ ಬುಡ, ಎಲೆ ಉಸಿರಾಡುವ ಪತ್ರರಂಧ್ರಗಳ ಅಂಚು, ಇಂಥ ಕಡೆ ಗುಂಪಾಗಿರುತ್ತವೆ. ಅಲ್ಲಿ ತೇವ ಹೆಚ್ಚು ಹೊತ್ತು ನಿಲ್ಲುತ್ತದೆ, ಆಹಾರವೂ ಒಸರುತ್ತದೆ. ಎಲೆಯ ಮೇಲ್ಭಾಗಕ್ಕಿಂತ ಕೆಳಭಾಗದಲ್ಲಿ ಬಿಸಿಲು ಕಡಿಮೆಯಾದ್ದರಿಂದ ಅಲ್ಲಿ ಹೆಚ್ಚು ನೆಮ್ಮದಿ.

ಎರಡನೆಯದು, ಒಗ್ಗಟ್ಟು. ಹಲವು ಜೀವಾಣುಗಳು ಸೇರಿ ತಮ್ಮ ಮೈಯಿಂದ ಲೋಳೆಯಂಥ ಅಂಟನ್ನು ಸ್ರವಿಸಿ ಅದರೊಳಗೆ ಇರುತ್ತವೆ. ಈ ಲೋಳೆ ನೀರನ್ನು ಹಿಡಿದಿಡುತ್ತದೆ. ಒಂಟಿಯಾಗಿರುವ ಜೀವಾಣು ಬೇಗ ಒಣಗಿ ಸಾಯುತ್ತದೆ, ಗುಂಪಿನಲ್ಲಿರುವುದು ಉಳಿಯುತ್ತದೆ.

ಮೂರನೆಯದು, ಬಣ್ಣದ ಕೊಡೆ. ಎಲೆಯ ಮೇಲಿನ ಅನೇಕ ಜೀವಾಣುಗಳಿಗೆ ಗುಲಾಬಿ, ಹಳದಿ, ಕಿತ್ತಳೆ ಬಣ್ಣವಿರುತ್ತದೆ. ಆ ಬಣ್ಣ ಬಿಸಿಲಿನ ಕೇಡನ್ನು ತಡೆಯಲು ನೆರವಾಗುತ್ತದೆ. ಗುಲಾಬಿ ಬಣ್ಣದ 'ಮಿಥೈಲೋಬ್ಯಾಕ್ಟೀರಿಯಂ' ಎಂಬುದು ಇನ್ನೂ ಜಾಣ. ಎಲೆ ಬೆಳೆಯುವಾಗ ಮೆಥನಾಲ್ ಎಂಬ ಆವಿಯನ್ನು ಹೊರಬಿಡುತ್ತದೆ. ಎಲೆಗೆ ಬೇಡವಾದ ಆ ಆವಿಯೇ ಇದಕ್ಕೆ ಊಟ. ಪ್ರಯೋಗಾಲಯದಲ್ಲಿ ಎಲೆಯೊಂದನ್ನು ಇದಕ್ಕೆ ಹೊಂದುವ ಪೋಷಕ ಲೋಳೆಯ ಮೇಲೆ ಒತ್ತಿ ತೆಗೆದರೆ, ಕೆಲವು ದಿನಗಳಲ್ಲಿ ಎಲೆಯ ಅಚ್ಚೇ ಗುಲಾಬಿ ಚುಕ್ಕೆಗಳಲ್ಲಿ ಮೂಡುತ್ತದೆಯಂತೆ.

ನಾಲ್ಕನೆಯದು, ಬೀಜದಂತೆ ಕಾಯುವುದು. 'ಬ್ಯಾಸಿಲಸ್' ಜಾತಿಯವು ಕಷ್ಟಕಾಲ ಬಂದಾಗ ಗಟ್ಟಿ ಹೊದಿಕೆಯ ಬೀಜಾಣುವಾಗಿ ಮಲಗಿಬಿಡುತ್ತವೆ. ಬಿಸಿ, ಒಣಹವೆ ಅವಕ್ಕೆ ಅಷ್ಟಾಗಿ ತಟ್ಟದು. ತೇವ ಬಂದಾಗ ಮತ್ತೆ ಎಚ್ಚರಾಗುತ್ತವೆ. ಹುಡುಗನ ತಂದೆ ತಂದಿದ್ದ 'ಸ್ಯೂಡೋಮೊನಾಸ್ ಫ್ಲೋರೆಸೆನ್ಸ್' ಎಂಬ ಜೀವಾಣುವಿಗೆ ಈ ವಿದ್ಯೆ ಇಲ್ಲ. ಅದಕ್ಕೆ 25ರಿಂದ 30 ಡಿಗ್ರಿಯ ತಂಪು, ತೇವ ಬೇಕು. ಆದ್ದರಿಂದ ಎಲ್ಲ ಜೀವಾಣು ಪುಡಿಗಳೂ ಒಂದೇ ಬಗೆಯವಲ್ಲ ಎಂಬುದನ್ನು ನೆನಪಿಡಬೇಕು.

ಟವೆಲ್ ಹಾಕಿ ಸೀಟು ಹಿಡಿಯುವುದು

ಒಳ್ಳೆಯ ಜೀವಾಣು ಎಲೆಯ ಮೇಲಿದ್ದರೆ ಮರಕ್ಕೇನು ಲಾಭ? ಸಂತೆಯ ದಿನ ರಾಯಚೂರಿನ ಬಸ್ಸು ಬಂದು ನಿಂತಾಗ ಏನಾಗುತ್ತದೆ ನೋಡಿ. ಬಾಗಿಲು ತೆರೆಯುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದಿರುತ್ತಾರೆ. ಹಿಂದೆ ಬಂದವನು ಎಷ್ಟೇ ಗಟ್ಟಿಗನಾದರೂ ನಿಂತೇ ಹೋಗಬೇಕು. ಎಲೆಯ ಮೇಲೂ ಇದೇ ನ್ಯಾಯ. ತೇವ ಮತ್ತು ಆಹಾರವಿರುವ ಒಳ್ಳೆಯ ಜಾಗಗಳು ಕೆಲವೇ. ಉಪಕಾರಿ ಜೀವಾಣುಗಳು ಅಲ್ಲಿ ಮೊದಲೇ ನೆಲೆಸಿದ್ದರೆ ರೋಗಾಣುವಿಗೆ ಜಾಗ ಸಿಗುವುದು ಕಷ್ಟ.

ಇದಲ್ಲದೆ ಇನ್ನೂ ಮೂರು ಉಪಾಯಗಳುಂಟು. ಸ್ಯೂಡೋಮೊನಾಸ್ ಹಳದಿ ಮಿಶ್ರಿತ ಹಸಿರು ದ್ರವ್ಯವೊಂದನ್ನು ಹೊರಬಿಟ್ಟು ಸುತ್ತಲಿನ ಕಬ್ಬಿಣದ ಅಂಶವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಕಬ್ಬಿಣ ಸಿಗದೆ ರೋಗಾಣು ಸೊರಗುತ್ತದೆ. ಕೆಲವು ಜೀವಾಣುಗಳು ವೈರಿಯನ್ನು ಕೊಲ್ಲುವ ಔಷಧವನ್ನೇ ತಯಾರಿಸುತ್ತವೆ. ಮತ್ತೆ ಕೆಲವು ಗಿಡವನ್ನು ಎಚ್ಚರಿಸಿ, ಅದು ತನ್ನ ರಕ್ಷಣೆಯನ್ನು ತಾನೇ ಬಲಪಡಿಸಿಕೊಳ್ಳುವಂತೆ ಮಾಡುತ್ತವೆ.

ಆದರೆ ಒಂದು ಮಾತು. ಟವೆಲ್ ಹಾಕಬೇಕಾದದ್ದು ಬಸ್ಸು ತುಂಬುವ ಮೊದಲು. ರೋಗ ಎದ್ದು ಕಾಯಿ ಒಡೆದ ಮೇಲೆ ಜೀವಾಣು ಹೊಡೆದರೆ ಅದು ಪವಾಡವನ್ನೇನೂ ಮಾಡದು. ಅದು ಕಾವಲುಗಾರ, ವೈದ್ಯನಲ್ಲ.

ಹೂವೆಂಬ ಧರ್ಮಛತ್ರ

ಎಲೆ ಬಿಸಿಲ ಬಯಲಾದರೆ ಹೂವು ಧರ್ಮಛತ್ರ. ಹೂವಿನ ನಡುವಿನ ಶಲಾಕಾಗ್ರ, ಅಂದರೆ ಪರಾಗ ಬಂದು ಅಂಟುವ ತುದಿ, ಸದಾ ಹಸಿಯಾಗಿ ಸಿಹಿಯಾಗಿ ಇರುತ್ತದೆ. ಎಸಳುಗಳ ಮರೆಯೂ ಇದೆ. ಇಂಥಲ್ಲಿಗೆ ಬಂದ ಜೀವಾಣು ಒಂದೆರಡು ದಿನಗಳಲ್ಲಿ ಬೇಕಾದಷ್ಟು ಹೆಚ್ಚುತ್ತದೆ. ಛತ್ರದಲ್ಲಿ ಊಟ ಒಳ್ಳೆಯವರಿಗೂ ಸಿಗುತ್ತದೆ, ಕೆಟ್ಟವರಿಗೂ ಸಿಗುತ್ತದೆ. ಅಲ್ಲಿಯೇ ತೊಡಕು.

ಇದನ್ನು ಬಹಳ ಚೆನ್ನಾಗಿ ಅಭ್ಯಾಸ ಮಾಡಿರುವುದು ಸೇಬು ಮತ್ತು ಪೇರು ಹಣ್ಣಿನ ಮರಗಳಲ್ಲಿ. ಇಲ್ಲಿ ಪೇರು ಎಂದರೆ ನಮ್ಮ ಪೇರಲ ಅಲ್ಲ, ತಂಪು ದೇಶದ ಬೇರೊಂದು ಹಣ್ಣು. ಆ ಮರಗಳಿಗೆ 'ಬೆಂಕಿ ರೋಗ' ಎಂಬ ಕೇಡು ಬರುತ್ತದೆ. ಹೂವು ಎಲೆ ಕೊಂಬೆಗಳು ಬೆಂಕಿಗೆ ಸುಟ್ಟಂತೆ ಕಪ್ಪಾಗುತ್ತವೆ. ಈ ರೋಗಕ್ಕೆ ಜೀವಾಣುವೇ ಕಾರಣವೆಂದು 1880ರ ಸುಮಾರಿಗೆ ಅಮೆರಿಕದ ಥಾಮಸ್ ಬರಿಲ್ ತೋರಿಸಿಕೊಟ್ಟರು. ಗಿಡಗಳಿಗೂ ಜೀವಾಣುವಿನಿಂದ ರೋಗ ಬರುತ್ತದೆಂದು ಮೊದಲು ತಿಳಿದದ್ದು ಹೀಗೆ. ಈ ರೋಗಾಣು ಹೂವಿನ ಶಲಾಕಾಗ್ರದ ಮೇಲೆ ಮೊದಲು ಹೆಚ್ಚುತ್ತದೆ. ಒಂದೇ ಹೂವಿನಲ್ಲಿ ಅದರ ಸಂಖ್ಯೆ 10 ಲಕ್ಷಕ್ಕೂ ಏರಬಹುದು. ಆಮೇಲೆ ಮಳೆ ಅಥವಾ ಇಬ್ಬನಿಯ ನೀರಿನೊಡನೆ ಕೆಳಗಿಳಿದು, ಮಕರಂದ ಸ್ರವಿಸುವ ಜಾಗದಿಂದ ಮರದೊಳಗೆ ನುಗ್ಗುತ್ತದೆ.

ವಿಜ್ಞಾನಿಗಳು ಯೋಚಿಸಿದರು: ಆ ಹಸಿ ತುದಿಯ ಮೇಲೆ ಒಳ್ಳೆಯ ಜೀವಾಣುವನ್ನು ಮೊದಲು ಕೂರಿಸಿದರೆ? ಕ್ಯಾಲಿಫೋರ್ನಿಯಾದಲ್ಲಿ ಪೇರು ಮರದ ಮೇಲೆಯೇ ಸಿಕ್ಕ ಒಂದು ಸ್ಯೂಡೋಮೊನಾಸ್ ತಳಿಯನ್ನು ಹೂ ಬಿಟ್ಟಾಗ ಸಿಂಪಡಿಸಿ ನೋಡಿದರು. ಹೂವಿನಲ್ಲಿ ಅದು ಬೇರೂರಿತು, ರೋಗವೂ ಕಡಿಮೆಯಾಯಿತು. ಜೇನುಹುಳಗಳು ಈ ಒಳ್ಳೆಯ ಜೀವಾಣುವನ್ನು ಹೂವಿನಿಂದ ಹೂವಿಗೆ ಹೊತ್ತೊಯ್ಯುವುದೂ ಕಂಡುಬಂತು. ಆದರೆ ಜೇನುಹುಳ ರೋಗಾಣುವನ್ನೂ ಹಾಗೆಯೇ ಹೊರುತ್ತದೆ. ಯಾರು ಮೊದಲು ಹೂವಿಗೆ ಬಂದರೋ ಅವರದು ಮೇಲುಗೈ.

ದಕ್ಷಿಣ ಆಫ್ರಿಕಾದಲ್ಲಿಯೂ ಇಂಥದೇ ಕೆಲಸ ನಡೆಯಿತು. ಅಲ್ಲಿನ ಪ್ರಿಟೋರಿಯಾ ವಿಶ್ವವಿದ್ಯಾಲಯದವರು ಬೆಣ್ಣೆಹಣ್ಣಿನ ಮರದಿಂದಲೇ ಒಂದು ಬ್ಯಾಸಿಲಸ್ ತಳಿಯನ್ನು ಆರಿಸಿ, ಹಣ್ಣಿಗೆ ಬರುವ ಕಪ್ಪು ಚುಕ್ಕೆ ರೋಗವನ್ನು ತಡೆಯಲು ಬಳಸಿದರು. ಎರಡು ಕಡೆಯೂ ಒಂದು ಅಂಶ ಸಮಾನವಾಗಿದೆ. ಆ ಮರದ ಮೇಲೆ ಮೊದಲೇ ಬದುಕಿ ರೂಢಿಯಾದ ಜೀವಾಣುವನ್ನೇ ಅವರು ಆರಿಸಿಕೊಂಡರು. ಊರಿನ ಬಿಸಿಲು ಊರಿನವನಿಗೆ ಒಗ್ಗಿರುತ್ತದೆ.

ನಮ್ಮ ದಾಳಿಂಬೆಯ ಕಥೆ

ಈಗ ನಮ್ಮ ಸೀಮೆಗೆ ಬರೋಣ. ದಾಳಿಂಬೆಯ ದುಂಡಾಣು ಅಂಗಮಾರಿ ರೋಗ ಭಾರತದಲ್ಲಿ ಮೊದಲು 1952ರಲ್ಲಿ ದೆಹಲಿಯಿಂದ ವರದಿಯಾಯಿತು. ಕೆಲ ವರ್ಷಗಳಲ್ಲೇ, 1959ರಲ್ಲಿ, ಬೆಂಗಳೂರಿನಿಂದಲೂ ವರದಿಯಾಯಿತು. ಬಹುಕಾಲ ಇದು ಸಣ್ಣ ರೋಗವಾಗಿಯೇ ಇತ್ತು. 2000ದ ನಂತರ ಕೊಪ್ಪಳ, ರಾಯಚೂರು, ಬಾಗಲಕೋಟೆ, ವಿಜಯಪುರ ಮತ್ತು ಮಹಾರಾಷ್ಟ್ರದ ಸೊಲ್ಲಾಪುರದ ಕಡೆ ಉಗ್ರವಾಗಿ ಹಬ್ಬಿತು. ಮಕ್ಕಳಂತೆ ಬೆಳೆಸಿದ ಗಿಡಗಳನ್ನು ಎಷ್ಟೋ ರೈತರು ಬುಡಸಮೇತ ಕಿತ್ತು ಹಾಕಿದರು. 2005ರಲ್ಲಿ ಸೊಲ್ಲಾಪುರದಲ್ಲಿ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಆರಂಭವಾಯಿತು.

ಎಲೆಯ ಮೇಲೆ ನೀರಿನಲ್ಲಿ ನೆನೆದಂಥ ಸಣ್ಣ ಚುಕ್ಕೆಗಳೇ ಈ ರೋಗದ ಮೊದಲ ಗುರುತು. ಕಾಯಿಯ ಮೇಲೆ ಕಂದು ಕಪ್ಪು ಮಚ್ಚೆ ಎದ್ದು ಅಡ್ಡಡ್ಡ ಬಿರುಕು ಬಿಡುತ್ತದೆ. ಮಳೆಹನಿ ಸಿಡಿದು ರೋಗಾಣು ಒಂದು ಎಲೆಯಿಂದ ಇನ್ನೊಂದಕ್ಕೆ ಹಾರುತ್ತದೆ. ಪತ್ರರಂಧ್ರದಿಂದಲೋ, ಮುಳ್ಳು ಗೀರಿದ ಗಾಯದಿಂದಲೋ, ಕತ್ತರಿ ತಾಗಿದ ಕೊಂಬೆಯಿಂದಲೋ ಒಳಗೆ ಹೊಗುತ್ತದೆ. ಆದ್ದರಿಂದಲೇ ಮುಂಗಾರಿನ ಫಸಲಾದ 'ಮೃಗ ಬಹಾರ'ದಲ್ಲಿ ರೋಗ ಹೆಚ್ಚು. ಮಳೆ ಹಿಂದೆ ಸರಿದ ಮೇಲೆ ಹೂ ಬಿಡಿಸುವ 'ಹಸ್ತ ಬಹಾರ'ದಲ್ಲಿ ಕಡಿಮೆ. ಕಾಲವನ್ನು ಸರಿಯಾಗಿ ಆರಿಸುವುದೇ ಅರ್ಧ ಔಷಧ.

ಉಳಿದ ಅರ್ಧಕ್ಕೆ ರೈತರು ಎರಡು ವಸ್ತುಗಳನ್ನು ಹೆಚ್ಚಾಗಿ ಬಳಸುತ್ತಾ ಬಂದಿದ್ದಾರೆ. ಒಂದು ತಾಮ್ರದ ಔಷಧ. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವೂ ಇದೇ ಜಾತಿಯದು. 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ ಇದು ಇಂದಿಗೂ ಉಪಯುಕ್ತ. ಗಿಡ ಕತ್ತರಿಸಿ ವಿಶ್ರಾಂತಿಗೆ ಬಿಟ್ಟಾಗ ಕೊಂಬೆಗಳಿಗೆ ಇದನ್ನು ಹೊಡೆಯುವುದು ಒಳ್ಳೆಯ ಪದ್ಧತಿ. ಆದರೆ ತಾಮ್ರ ಕುರುಡು. ಕೆಟ್ಟ ಜೀವಾಣುವನ್ನೂ ಕೊಲ್ಲುತ್ತದೆ, ಒಳ್ಳೆಯದನ್ನೂ ಕೊಲ್ಲುತ್ತದೆ.

ಇನ್ನೊಂದು, ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಬೆರೆತ ಪುಡಿ. ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ, ಅಮೆರಿಕದ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ ಎಂಬ ತರುಣನಿಗೆ. ಕ್ಷಯರೋಗಕ್ಕೆ ದೊರೆತ ಮೊದಲ ಸಮರ್ಥ ಔಷಧ ಅದೇ. ಅದನ್ನು ತಯಾರಿಸುವುದು ಮಣ್ಣಿನ ಒಂದು ಜೀವಾಣುವೇ ಎಂಬುದು ನೆನಪಿಡತಕ್ಕ ಸಂಗತಿ! ಇಂಥ ಔಷಧವನ್ನು ತೋಟಕ್ಕೆ ಪದೇಪದೇ ಹೊಡೆದರೆ ರೋಗಾಣು ಅದಕ್ಕೆ ಒಗ್ಗಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾದ ಪೇರು ತೋಟಗಳಲ್ಲಿ 1971ರಲ್ಲೇ ಸ್ಟ್ರೆಪ್ಟೊಮೈಸಿನ್‌ಗೆ ಜಗ್ಗದ ರೋಗಾಣು ಕಂಡುಬಂದಿತ್ತು. ಜೀವಾಣುಗಳು ಈ ಗುಣವನ್ನು ಒಂದರಿಂದೊಂದಕ್ಕೆ ದಾಟಿಸಬಲ್ಲವು. ಹಾಗೆ ದಾಟುತ್ತಾ ಮನುಷ್ಯರ ರೋಗಾಣುಗಳಿಗೂ ಅದು ಬಂದರೆ ಆಸ್ಪತ್ರೆಯಲ್ಲಿ ಮದ್ದು ನಾಟದಂತಾದೀತು. ಈ ಕಾರಣದಿಂದಲೇ 2021ರ ಡಿಸೆಂಬರಿನಲ್ಲಿ ಕೇಂದ್ರ ಕೃಷಿ ಮಂತ್ರಾಲಯವು ಇವೆರಡನ್ನು ಬೇಸಾಯದಲ್ಲಿ ನಿಲ್ಲಿಸುವ ಕರಡು ಆದೇಶವನ್ನು ಪ್ರಕಟಿಸಿತು. ಉಪಕಾರಿ ಜೀವಾಣುಗಳನ್ನು ಸರಿಯಾಗಿ ಬಳಸಲು ಕಲಿಯುವುದು ಇನ್ನು ನಮಗೆ ಬರೀ ಹವ್ಯಾಸವಲ್ಲ, ಅಗತ್ಯ.

ಜೀವಾಣು ಹೊಡೆಯುವ ರೀತಿ

ತಂದೆತಾಯಿಗಳು ಗಮನಿಸಬೇಕಾದ ಮಾತುಗಳನ್ನು ಇಲ್ಲಿ ಒಟ್ಟಿಗೆ ಹೇಳುತ್ತೇನೆ.

1. ಸಂಜೆ ಹೊತ್ತು ಇಳಿದ ಮೇಲೆ ಸಿಂಪಡಿಸಬೇಕು. ರಾತ್ರಿಯ ತಂಪು, ಬೆಳಗಿನ ಇಬ್ಬನಿ ಸೇರಿ ಜೀವಾಣುವಿಗೆ ನೆಲೆಗೊಳ್ಳಲು ಹನ್ನೆರಡು ಗಂಟೆ ಸಿಗುತ್ತದೆ.

2. ತಾಮ್ರದ ಔಷಧದೊಡನೆಯಾಗಲಿ, ರೋಗನಿರೋಧಕ ಔಷಧದೊಡನೆಯಾಗಲಿ ಬೆರೆಸಬಾರದು. ಎರಡರ ನಡುವೆ ಎಷ್ಟು ದಿನ ಅಂತರವಿರಬೇಕೆಂದು ಪೊಟ್ಟಣದ ಮೇಲೆ ನೋಡಬೇಕು, ಇಲ್ಲವೆ ಕೃಷಿ ಅಧಿಕಾರಿಗಳನ್ನು ಕೇಳಬೇಕು.

3. ಹಿಂದೆ ಬೇರೆ ಔಷಧ ಹೊಡೆದ ಪಂಪನ್ನು ಚೆನ್ನಾಗಿ ತೊಳೆಯಬೇಕು. ಬ್ಲೀಚಿಂಗ್ ಪುಡಿ ಹಾಕಿದ ಟ್ಯಾಂಕಿನ ನೀರು ಬೇಡ, ಬಾವಿಯ ನೀರು ಆದೀತು.

4. ಎಲೆಯ ಕೆಳಭಾಗಕ್ಕೂ ಮಂಜಿನಂತೆ ತಾಗಬೇಕು.

5. ಪೊಟ್ಟಣದ ತಯಾರಿಕೆಯ ತಾರೀಖು, ಮುಗಿಯುವ ತಾರೀಖು ನೋಡಿಯೇ ಕೊಳ್ಳಬೇಕು. ಇಂಥ ಪುಡಿಯಲ್ಲಿ ಗ್ರಾಮಿಗೆ ಕನಿಷ್ಠ 10 ಕೋಟಿ ಜೀವಂತ ಜೀವಾಣುಗಳು ಇರಬೇಕೆಂಬ ನಿಯಮವಿದೆ. ಅಂಗಡಿಯ ಬಿಸಿಲಿನಲ್ಲಿಟ್ಟ ಪೊಟ್ಟಣವನ್ನು, ತಗಡಿನ ಶೆಡ್ಡಿನಲ್ಲಿ ಬೇಸಿಗೆ ಕಳೆದ ಪೊಟ್ಟಣವನ್ನು ನಂಬಬಾರದು. ಮನೆಯಲ್ಲಿ ತಂಪು ನೆರಳಿನಲ್ಲಿಡಬೇಕು.

6. ರೋಗ ಬರುವ ಮೊದಲೇ ಆರಂಭಿಸಬೇಕು. ಒಮ್ಮೆ ಹೊಡೆದರೆ ಸಾಲದು. ಹೊಸ ಚಿಗುರು, ಹೊಸ ಹೂವು ಬಂದಂತೆ ಹೊಸ ಸೀಟುಗಳು ಖಾಲಿಯಾಗುತ್ತವೆ. ಅಲ್ಲಿಗೂ ಟವೆಲ್ ಹಾಕಬೇಕು.

7. ಉದುರಿದ ರೋಗದ ಎಲೆ ಕಾಯಿಗಳನ್ನು ಆರಿಸಿ ಸುಡಬೇಕು. ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಹೋಗುವಾಗ ಶುದ್ಧಮಾಡಬೇಕು. ಈ ಕೆಲಸ ಬಿಟ್ಟು ಜೀವಾಣುವನ್ನಷ್ಟೇ ನಂಬಿದರೆ ಪ್ರಯೋಜನವಿಲ್ಲ.

ಸಂಶಯ ಬಂದರೆ ಹೊಳೆಯ ಆಚೆಗೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯವಿದೆ. ಅಲ್ಲಿ ಕನ್ನಡದಲ್ಲಿಯೇ ಕೇಳಬಹುದು, ಕನ್ನಡದಲ್ಲಿಯೇ ಉತ್ತರ ಪಡೆಯಬಹುದು.

ವಿದ್ಯಾರ್ಥಿಗಳಿಗೆ ಎರಡು ಕೆಲಸ

ಮಕ್ಕಳೇ, ಒಂದು ಸಣ್ಣ ಪ್ರಯೋಗ ಮಾಡಿ. ನಿಮ್ಮ ಹಿತ್ತಲಿನ ನಿಂಬೆ, ಪೇರಲ ಅಥವಾ ಮಾವಿನ ಗಿಡದ ಎಲೆಗಳ ಮೇಲೆ ಮಧ್ಯಾಹ್ನ ಒಂದು ಗಂಟೆಗೆ ಬರೀ ನೀರನ್ನು ಚಿಮುಕಿಸಿ, ಅದು ಎಷ್ಟು ನಿಮಿಷಕ್ಕೆ ಆರಿತೆಂದು ಗಡಿಯಾರ ನೋಡಿ ಬರೆದುಕೊಳ್ಳಿ. ಸಂಜೆ ಆರು ಗಂಟೆಗೆ ಅದೇ ಗಿಡಕ್ಕೆ ಹಾಗೆಯೇ ಮಾಡಿ. ಎಲೆಯ ಮೇಲ್ಭಾಗ, ಕೆಳಭಾಗ ಎರಡನ್ನೂ ನೋಡಿ. ಏಳು ದಿನ ಬರೆದ ಪಟ್ಟಿಯನ್ನು ತಂದೆಗೆ ತೋರಿಸಿ. ನಾನು ನಾಲ್ಕು ಪುಟದಲ್ಲಿ ಹೇಳಿದ್ದನ್ನು ಆ ಪಟ್ಟಿ ನಾಲ್ಕು ಸಾಲಿನಲ್ಲಿ ಹೇಳುತ್ತದೆ.

ಎರಡನೆಯ ಕೆಲಸ ಇದಕ್ಕಿಂತ ದೊಡ್ಡದು. ಗಡಿಯಲ್ಲಿರುವ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಆಡಿ, ಬಜಾರದಲ್ಲಿ ತೆಲುಗು ಕೇಳಿ, ಶಾಲೆಯಲ್ಲಿ ಇಂಗ್ಲಿಷನ್ನೂ ಕಲಿಯುತ್ತಾರೆ. ಇದನ್ನು ಕೆಲವರು ಹೊರೆ ಎನ್ನುತ್ತಾರೆ. ಹೊಲಕ್ಕೆ ತಂದ ಪ್ರತಿಯೊಂದು ಪೊಟ್ಟಣವನ್ನೂ ಓದಿ, ಅದರಲ್ಲಿ ಏನಿದೆ, ಯಾವಾಗ ಹೊಡೆಯಬೇಕು, ಯಾವುದರೊಡನೆ ಬೆರೆಸಬಾರದು ಎಂದು ಮನೆಯವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿ. ತಿಳಿಯದ ಶಬ್ದವಿದ್ದರೆ ಬರೆದುಕೊಂಡು ಶಾಲೆಗೆ ತನ್ನಿ, ಇಲ್ಲಿ ಕೂಡಿ ಅರ್ಥ ಹುಡುಕೋಣ. ಪೊಟ್ಟಣವನ್ನು ಮಾತ್ರ ಶಾಲೆಗೆ ತರಬೇಡಿ, ಬರಿಗೈಯಿಂದ ಮುಟ್ಟಲೂಬೇಡಿ.

ಆ ಹುಡುಗ ಹಾಗೆಯೇ ಮಾಡಿದ. ಮುಂದಿನ ಫಸಲಿಗೆ ಅವನ ತಂದೆ ಮಳೆಗಾಲ ಬಿಟ್ಟು ಹೂ ಬಿಡಿಸಿದರು, ರೋಗದ ಕೊಂಬೆಗಳನ್ನು ಕತ್ತರಿಸಿ ಸುಟ್ಟರು, ತಾಮ್ರವನ್ನು ಬೇರೆ, ಜೀವಾಣುವನ್ನು ಬೇರೆ ಹೊಡೆದರು, ಅದೂ ಸಂಜೆಗೆ. ರೋಗ ಪೂರ್ತಿ ಹೋಗಲಿಲ್ಲ. ಆದರೆ ಮಾರುವಂಥ ಕಾಯಿ ಉಳಿದವು, ಬಡ್ಡಿ ಕಟ್ಟಲು ಸಾಕಾಯಿತು. ಇದು ಜೀವಾಣುವಿನಿಂದಲೇ ಆಯಿತೆಂದು ನಾನು ಹೇಳಲಾರೆ. ಮಳೆ ತಪ್ಪಿಸಿದ್ದು, ಕೊಂಬೆ ಸುಟ್ಟದ್ದು, ಎಲ್ಲವೂ ಕೂಡಿ ಆಗಿರಬೇಕು. ಆ ಯಜಮಾನರೂ ಹಾಗೆಯೇ ಹೇಳುತ್ತಾರೆ: "ಒಂದ ಎಣ್ಣೀಲೆ ಆಗೂದಲ್ರಿ ಸರ್ ಇದು, ಹೊತ್ತು ನೋಡಿ ಮಾಡ್ಬೇಕ್ರಿ."

ನನ್ನಿಂದಲೂ ಒಂದು ತಿದ್ದುಪಡಿ ಆಗಬೇಕಾಗಿತ್ತು. ಅಂದು ಸರಿ ಗುರುತು ಹಾಕಿದ ನೋಟುಪುಸ್ತಕಗಳನ್ನೆಲ್ಲ ಮತ್ತೆ ತರಿಸಿ, ಆ ವಾಕ್ಯವನ್ನು ಮಕ್ಕಳ ಕೈಯಿಂದಲೇ ತಿದ್ದಿಸಿದೆ. ಈಗ ಅಲ್ಲಿ ಹೀಗಿದೆ: "ಜೀವಾಣುಗಳಲ್ಲಿ ಕೆಲವು ಮಾತ್ರ ರೋಗಾಣುಗಳು. ಉಳಿದವುಗಳಲ್ಲಿ ನಮಗೆ ಉಪಕಾರ ಮಾಡುವವೂ ಉಂಟು. ಅವುಗಳನ್ನು ಬದುಕಿಸಿಕೊಳ್ಳಬೇಕು."